ಪಂಕ್ ಬ್ಯಾಂಡಿಗೆ ಸ್ಯಾಕ್ಸ್ ಕೂರಿಸಿದ ನನ್ನ ಅನುಭವ

ಗಿಟಾರು, ಬೇಸು ಎರಡರ ಶ್ರುತಿಯನ್ನೂ ಅರ್ಧ ಸ್ವರ ಕೆಳಗೆ ಇಳಿಸಿ. ಆಲ್ಟೊ ಸ್ಯಾಕ್ಸಿಗೆ ಸೋಲೊ ಕೊಡುವುದನ್ನು ಬಿಟ್ಟು ಎರಡನೇ ಗಿಟಾರಿನ ಕೆಲಸ ಕೊಡಿ. ಪಂಕ್ ಅಂದರೆ ವೇಗದ, ಒರಟು ರಾಕ್, ಅಂಥ ಬ್ಯಾಂಡಲ್ಲಿ ಸ್ಯಾಕ್ಸ್ ಕೂರುತ್ತದೆ, ಚೆನ್ನಾಗಿಯೇ ಕೂರುತ್ತದೆ. ವಿಷಯ ಇಷ್ಟೇ. ಆದರೆ ಇದನ್ನು ಬೆಂಗಳೂರಿನ ಹುಡುಗರಿಗೆ ಒಪ್ಪಿಸುವಷ್ಟರಲ್ಲಿ ನನಗೆ ಏಳೆಂಟು ವರ್ಷ ಹೋಯಿತು. ಮದುವೆ ಮನೆ ವಾದ್ಯ ತಂದು ಪಂಕ್ ಅಂತೀಯಲ್ಲ ಅಂದರು. ಸ್ಯಾಕ್ಸ್ ಊದಬೇಕು ಅಂತಿದ್ದರೆ ಜಾಝ್ ಕಡೆ ಹೋಗು ಅಂದರು. ಅವರಲ್ಲೇ ಇಬ್ಬರು ಈಗ ತಮ್ಮ ಗಿಟಾರ್ ಇಳಿಸಿಕೊಂಡು, ರೆಕಾರ್ಡಿಂಗಿಗೆ ಬರ್ತೀಯಾ ಅಂತ ಫೋನ್ ಮಾಡುತ್ತಾರೆ. ಹಾಗಾಗಿ ಬರೆದಿಡೋಣ ಅನ್ನಿಸಿತು. ಲಾಂಗ್ ಟೋನ್, ಓವರ್‌ಟೋನ್, ರೀಡ್ (ಊದುವಾಗ ತುಟಿಯ ಹತ್ತಿರ ಕಂಪಿಸುವ ತೆಳು ಪಟ್ಟಿ) ಆರಿಸುವುದು ಇದೆಲ್ಲ ಊದುವವರಿಗೆ ಗೊತ್ತೇ ಇರುತ್ತದೆ, ಅದಕ್ಕೆ ಹೋಗುವುದಿಲ್ಲ.

ನಾನು ಮಡಿಕೇರಿಯವನು. ಸ್ಯಾಕ್ಸ್ ಕಲಿತದ್ದು ಘಾಟಿ ಇಳಿದು, ಸುಳ್ಯದ ಕಡೆ. ಅಲ್ಲಿ ಯಾರಿಗೂ ಈ ವಾದ್ಯ ಏನು ಅಂತ ವಿವರಿಸಬೇಕಾಗಿಲ್ಲ. ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಲ್ಲಿ ಕೇಳಿದ ವಾದ್ಯವನ್ನು ಹಿಡಿದು, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದವರೆಗೆ ಒಯ್ದವರು. ಅವರಿಂದಾಗಿ ನಮ್ಮ ಕೆಳಗಿನ ಊರುಗಳಲ್ಲಿ ಮದುವೆಗೂ ಜಾತ್ರೆಗೂ ಸ್ಯಾಕ್ಸ್ ಬಂತು. ನಾನೂ ಡೋಲಿನವರ ಜೊತೆ ನಿಂತು ಧಾರೆ ಮುಹೂರ್ತಕ್ಕೆ ಊದಿ ಊದಿ ಕೈ ಪಳಗಿಸಿಕೊಂಡವನು. ಬಿಸಿಲಲ್ಲಿ ಮೆರವಣಿಗೆ ಜೊತೆ ಒಂದು ಗಂಟೆ ನಿಲ್ಲಿಸದೆ ಊದಿದ ಉಸಿರು ಇದೆಯಲ್ಲ, ಪಂಕಿಗೆ ಬೇಕಾದ ಉಸಿರೂ ಅದೇ. ಈ ಒಂದು ವಿಷಯದಲ್ಲಿ ಬೆಂಗಳೂರಿನ ಯಾವ ಸ್ಯಾಕ್ಸ್ ಹುಡುಗನೂ ನನ್ನ ಹತ್ತಿರ ಬರಲ್ಲ, ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಓದಲು ಬೆಂಗಳೂರಿಗೆ ಹೋದಾಗ ರಾಕ್ ಹತ್ತಿತು. 2007ರಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಅನ್ನುವ ಮೆಟಲ್ ಬ್ಯಾಂಡ್ ಬಂದ ಮೇಲಂತೂ ಹಾಸ್ಟೆಲ್ ತುಂಬ ಗಿಟಾರ್. ಎಲ್ಲರಿಗೂ ಮೆಟಲ್ ಹುಚ್ಚು. ನನಗೆ ಹಿಡಿಸಿದ್ದು ಪಂಕ್. ಮೂರು ಕಾರ್ಡ್ (ಒಟ್ಟಿಗೆ ಹೊಡೆಯುವ ಸ್ವರಗಳ ಗುಂಪು), ಎರಡು ನಿಮಿಷ, ಮುಗೀತು. ಅದರಲ್ಲೂ ಲಂಡನ್ನಿನ ಎಕ್ಸ್-ರೇ ಸ್ಪೆಕ್ಸ್ ಬ್ಯಾಂಡಿನ 1977ರ ಹಾಡು ಕೇಳಿದಾಗ ಕಿವಿ ನೆಟ್ಟಗಾಯಿತು. ಗಿಟಾರಿನ ಪಕ್ಕದಲ್ಲೇ ಸ್ಯಾಕ್ಸ್ ಕೂಗುತ್ತಿದೆ! ಊದಿದ್ದು ಲೋರಾ ಲಾಜಿಕ್ ಅನ್ನುವ, ಇನ್ನೂ ಹದಿಹರೆಯದ ಹುಡುಗಿ. ಅದಕ್ಕೂ ಮೊದಲು 1970ರಲ್ಲೇ ಅಮೆರಿಕದ ಸ್ಟೂಜಸ್ ಬ್ಯಾಂಡಿನ ಜೊತೆ ಸ್ಟೀವ್ ಮೆಕೇ ಟೆನರ್ (ಆಲ್ಟೊಗಿಂತ ದೊಡ್ಡ, ತಗ್ಗು ದನಿಯ ಸ್ಯಾಕ್ಸ್) ಊದಿ ಆಗಿತ್ತು. ನ್ಯೂಯಾರ್ಕಿನಲ್ಲಿ ಜೇಮ್ಸ್ ಚಾನ್ಸ್ ಆಲ್ಟೊ ಹಿಡಿದು, ಫಂಕ್ (ಕುಣಿತದ ಸಂಗೀತ) ತಾಳದ ಮೇಲೆ ಕಿರುಚಿ, ಜನರ ಮಧ್ಯೆ ಇಳಿದು ಜಗಳಕ್ಕೇ ನಿಲ್ಲುತ್ತಿದ್ದರು. 2024ರಲ್ಲಿ ತೀರಿಕೊಂಡರು. ಅಂದರೆ ಸ್ಯಾಕ್ಸ್ ಪಂಕಿಗೆ ಹೊರಗಿನದಲ್ಲ, ಶುರುವಿನಿಂದಲೂ ಒಳಗೇ ಇದೆ. ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕ ಇಲ್ಲ. ಕೇಳಿಸಿ ತೋರಿಸಿದರೂ 'ಅದು ಲಂಡನ್ ಕಣೋ' ಅನ್ನುವುದೊಂದೇ ಉತ್ತರ.

ಮೊದಲ ಬ್ಯಾಂಡ್ ಶುರುವಾದದ್ದು 2012ರ ಆಸುಪಾಸು. ನಾಲ್ಕು ಜನ. ಪ್ರಾಕ್ಟೀಸಿಗೆ ಕೂತ ಮೊದಲ ದಿನವೇ ಗೋಡೆಗೆ ಹೋಗಿ ಗುದ್ದಿದ ಹಾಗಾಯಿತು. ಗಿಟಾರಿನವರಿಗೆ ಇ, ಎ, ಡಿ ಇವೇ ಪ್ರಾಣ, ತೆರೆದ ತಂತಿಗಳು ಅಲ್ಲೇ ಇವೆ. ಆಲ್ಟೊ ಇ ಫ್ಲಾಟ್ ವಾದ್ಯ, ಅದರಲ್ಲಿ ಸಿ ಅಂತ ಊದಿದರೆ ಕೇಳುವುದು ಇ ಫ್ಲಾಟ್. ಅವರ ಇ ನನಗೆ ಸಿ ಶಾರ್ಪ್, ಅಂದರೆ ಏಳು ಶಾರ್ಪ್, ಏಳೂ ಸ್ವರವನ್ನು ಅರ್ಧ ಸ್ವರ ಏರಿಸಿ ಹಿಡಿಯಬೇಕು. ಅವರ ಎ ನನಗೆ ಎಫ್ ಶಾರ್ಪ್, ಆರು. ಡಿ ಅಂದರೆ ಬಿ, ಐದು. ನಾನೋ ಒಂದೇ ಶ್ರುತಿ ಇಟ್ಟುಕೊಂಡು, ಅದೇ ಬೆರಳಿನ ಜಾಗದಲ್ಲಿ ಷಡ್ಜ ಹಿಡಿದು, ಎಲ್ಲ ರಾಗವನ್ನೂ ಅಲ್ಲಿಂದಲೇ ಊದಿ ಬಂದವನು. ಬೆರಳು ಒಗ್ಗಿಸಿಕೊಳ್ಳಬಹುದು ಅನ್ನಿ, ದಿನಾ ಕೂತರೆ ಆರೇಳು ತಿಂಗಳ ಕೆಲಸ, ನಾನು ಕೂತೂ ಕೂತೆ. ಆದರೆ ಬೆರಳಿಗಿಂತ ದೊಡ್ಡ ತೊಂದರೆ ಬೇರೆ ಇದೆ. ಇ ಕೀಯಲ್ಲಿ, ಅಂದರೆ ಇ ಸ್ವರವೇ ಆಧಾರವಾದ ಹಾಡಿನಲ್ಲಿ, ಷಡ್ಜ ಬಂದು ನಿಲ್ಲುವುದು ಆಲ್ಟೊದ ನಡುವಿನ ಸಿ ಶಾರ್ಪ್ ಮೇಲೆ. ಒಂದು ಬೆರಳೂ ಒತ್ತದೆ ಬರುವ ಸ್ವರ ಅದು. ಇಡೀ ವಾದ್ಯದಲ್ಲೇ ತೆಳ್ಳಗಿನ ಸ್ವರ, ಶ್ರುತಿಯೂ ಅಲ್ಲಾಡುತ್ತದೆ. ಪಕ್ಕದಲ್ಲಿ 100 ವಾಟಿನ ಆಂಪ್ ಇ ಕಾರ್ಡ್ ಹೊಡೆಯುತ್ತಿದೆ, ನಾನು ಮನೆಗೆ ಬಂದು ನಿಲ್ಲಬೇಕಾದ ಸ್ವರ ಮಾತ್ರ ಪೀಪಿ ಥರ ಕೇಳುತ್ತದೆ. ಎಷ್ಟು ಜೋರಾಗಿ ಊದಿದರೂ ಅಷ್ಟೇ.

ಎರಡು ವರ್ಷ ಹೀಗೇ ಹೋಯಿತು. ಟೆನರ್ ತಗೋ ಅಂದರು. ಸ್ಟ್ಯಾಂಡರ್ಡ್ ಟ್ಯೂನಿಂಗಲ್ಲಿ ಟೆನರಿಗೂ ಎಫ್ ಶಾರ್ಪ್, ಬಿ, ಇ ಬರುತ್ತದೆ, ಅದೇನು ಸುಖ ಅಲ್ಲ. ಗಿಟಾರಿಗೆ ಮೊದಲ ಫ್ರೆಟ್ಟಲ್ಲಿ ಕೇಪೊ, ಅಂದರೆ ಎಲ್ಲ ತಂತಿಯನ್ನೂ ಒತ್ತಿಹಿಡಿಯುವ ಕ್ಲಿಪ್, ಹಾಕಿ ನೋಡಿದೆವು. ಆಗ ಇ ಶೇಪ್, ಅಂದರೆ ಇ ಕಾರ್ಡಿಗೆ ಬೆರಳಿಡುವ ಕ್ರಮ, ಎಫ್ ಆಗುತ್ತದೆ, ನನಗೆ ಡಿ. ಸ್ಯಾಕ್ಸಿಗೆ ಹಿತವಾಗಿತ್ತು. ಬೇಸಿಗೆ ಕೇಪೊ ಇಲ್ಲ, ಅವನು ಎಲ್ಲವನ್ನೂ ಒಂದು ಫ್ರೆಟ್ ಸರಿಸಿ ನುಡಿಸಬೇಕು, ತೆರೆದ ತಂತಿಯ ಗುಡುಗು ಹೋಯಿತು. ಹಾಡುವವನಿಗೆ ಅರ್ಧ ಸ್ವರ ಮೇಲಾಯಿತು. ಅವನು ಮೊದಲೇ ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದವನು, ನಾಲ್ಕನೇ ಹಾಡಿಗೆ ದನಿ ಬಿದ್ದೇಹೋಯಿತು. ಆ ಬ್ಯಾಂಡ್ ಒಡೆಯಿತು. ಆಮೇಲೆ ಇನ್ನೊಂದು ಬ್ಯಾಂಡ್, ಅಲ್ಲಿ ನನ್ನನ್ನು ಎರಡೇ ಹಾಡಿಗೆ ಇಟ್ಟುಕೊಂಡು ಉಳಿದ ಹೊತ್ತು ಪಕ್ಕದಲ್ಲಿ ನಿಲ್ಲಿಸುತ್ತಿದ್ದರು.

ಮೇಲೆ ಹೋದರೆ ಆಗಲ್ಲ ಅಂದಮೇಲೆ ಕೆಳಗೆ ಬಂದರೆ? ಇದು ಹೊಳೆದದ್ದು ಊರಿಗೆ ಬಂದು ಕೂತಾಗ, ಕಾಗದದ ಮೇಲೆ ಕೀಗಳನ್ನು ಬರೆದುಕೊಂಡು. ಗಿಟಾರ್ ಅರ್ಧ ಸ್ವರ ಇಳಿಸಿದರೆ ಅವರ ಇ ಶೇಪ್ ನನಗೆ ಸಿ. ಎ ಶೇಪ್ ನನಗೆ ಎಫ್. ಡಿ ಶೇಪ್ ಬಿ ಫ್ಲಾಟ್. ಜಿ ಶೇಪ್ ಇ ಫ್ಲಾಟ್. ನೋಡಿ, ಎಲ್ಲವೂ ಸ್ಯಾಕ್ಸ್ ಮಕ್ಕಳು ಮೊದಲ ವರ್ಷ ಕಲಿಯುವ ಕೀಗಳು. ಗಿಟಾರಿನವನಿಗೆ ಒಂದು ಬೆರಳೂ ಬದಲಾಗುವುದಿಲ್ಲ. ಹಾಡುವವನಿಗೆ ಅರ್ಧ ಸ್ವರ ಆರಾಮ. ಷಡ್ಜ ಸಿಯಲ್ಲಿ ನಿಂತರೆ ಕೆಳಗಿನ ಸಿ ಹಿಡಿದು ಹೂಂಕರಿಸಬಹುದು. ಹೆಚ್ಚುಕಡಿಮೆ ಎಲ್ಲ ತೂತು ಮುಚ್ಚಿ ಬರುವ ಸ್ವರ ಅದು, ಇಡೀ ಕೊಳವೆ ನಡುಗುತ್ತದೆ. ರಾಕಿನಲ್ಲಿ ಗಿಟಾರನ್ನು ಇ ಫ್ಲಾಟಿಗೆ ಇಳಿಸುವುದು ಹೊಸದೇನಲ್ಲ, ಎಷ್ಟೋ ಬ್ಯಾಂಡ್ ಮಾಡಿವೆ. ಸ್ಯಾಕ್ಸಿಗಾಗಿ ಇಳಿಸು ಅಂದರೆ ಮಾತ್ರ ಯಾರೂ ಕೇಳಲಿಲ್ಲ. ತಂತಿ ಸಡಿಲ ಆಗುತ್ತೆ, ಪಂಚ್ ಹೋಗುತ್ತೆ, ಒಬ್ಬ ಊದುವವನಿಗಾಗಿ ನಾವೆಲ್ಲ ಯಾಕೆ ಬಗ್ಗಬೇಕು, ಇದೇ ಮಾತು.

ನಾನೇ ಖರ್ಚು ಹಾಕಿದೆ. ತಂತಿ ಸಡಿಲ ಅನ್ನುವುದಕ್ಕೆ ಮದ್ದು ಒಂದು ಗೇಜ್ ದಪ್ಪ ತಂತಿ. 9ರ ಸೆಟ್ ಇದ್ದವನಿಗೆ 10, 10 ಇದ್ದವನಿಗೆ 11. ಗಿಟಾರಿನ ಸೆಟ್ಟಿಗೆ ಆಗ 500-600 ರೂಪಾಯಿ, ಬೇಸಿಗೆ 1,800 ಹತ್ತಿರ. ನಟ್ಟು, ಆ್ಯಕ್ಷನ್, ಇಂಟೊನೇಶನ್ ಸರಿ ಮಾಡಿಸಲು ಎರಡಕ್ಕೂ ಸೇರಿ ಇನ್ನೊಂದು 2,500. ನಮ್ಮವನ ಗಿಟಾರಲ್ಲಿ ತೇಲುವ ಬ್ರಿಜ್ ಇತ್ತು, ತಂತಿ, ಟ್ಯೂನಿಂಗ್ ಬದಲಿಸಿದರೆ ಅದರ ಸಮತೋಲ ತಪ್ಪುತ್ತದೆ, ಸ್ಪ್ರಿಂಗ್ ಸರಿಮಾಡದೆ ಬೇರೆ ದಾರಿ ಇಲ್ಲ. ಒಟ್ಟು ಐದು ಸಾವಿರದ ಹತ್ತಿರ ನನ್ನ ಜೇಬಿಂದ ಹೋಯಿತು. ಮೊದಲು ಒಪ್ಪಿದ್ದು ಹಾಡುವವನು. ಇಪ್ಪತ್ತು ನಿಮಿಷದ ಸೆಟ್ ಮುಗಿದರೂ ಅವನ ದನಿ ಉಳಿದಿತ್ತು. ಅವನು ಒಪ್ಪಿದ ಮೇಲೆ ಗಿಟಾರಿನವನು ಗೊಣಗಿಕೊಂಡೇ ಒಪ್ಪಿದ.

ಕೀ ಸರಿಹೋದರೆ ಕೆಲಸ ಅರ್ಧ ಆಯಿತು ಅಷ್ಟೇ. ಏನು ಊದಬೇಕು ಅನ್ನುವುದು ಇನ್ನರ್ಧ. ಪಂಕ್ ಗಿಟಾರಿನ ಪವರ್ ಕಾರ್ಡಿನಲ್ಲಿ ಷಡ್ಜ ಪಂಚಮ ಬಿಟ್ಟು ಬೇರೇನೂ ಇಲ್ಲ. ಗಾಂಧಾರ ಇಲ್ಲವೇ ಇಲ್ಲ. ತಂಬೂರಿ ಕೇಳಿ ಬೆಳೆದವನಿಗೆ ಇದಕ್ಕಿಂತ ಹೆಚ್ಚು ಪರಿಚಯದ್ದು ಇನ್ನೇನಿದೆ? ಆದರೆ ತಂಬೂರಿ ಒಂದೇ ಕಡೆ ನಿಲ್ಲುತ್ತದೆ, ಇವರ ಕಾರ್ಡ್ ಓಡುತ್ತದೆ. ಹಾಗಾಗಿ ಕಾರ್ಡ್ ಎಲ್ಲಿಗೆ ಹೋದರೂ ಮುನಿಸಿಕೊಳ್ಳದ ರಾಗ ಬೇಕು. ನಾನು ಹಿಡಿದದ್ದು ಮಧ್ಯಮಾವತಿ. ಸ ರಿ ಮ ಪ ನಿ. ಷಡ್ಜದ ಕಾರ್ಡಿನಲ್ಲಿ ಸ ಮತ್ತು ಪ. ಮಧ್ಯಮದ ಕಾರ್ಡಿನಲ್ಲಿ ಮ ಮತ್ತು ಸ. ಪಂಚಮದ ಕಾರ್ಡಿನಲ್ಲಿ ಪ ಮತ್ತು ರಿ. ನಿಷಾದದ ಕಾರ್ಡಿನಲ್ಲಿ ನಿ ಮತ್ತು ಮ. ನಾಲ್ಕೂ ಕಾರ್ಡುಗಳ ಎಲ್ಲ ಸ್ವರವೂ ರಾಗದ ಒಳಗೇ ಇದೆ. ನಮ್ಮ ಹಾಡುಗಳು ಈ ನಾಲ್ಕು ಕಾರ್ಡು ಬಿಟ್ಟು ಹೊರಗೆ ಹೋಗುವುದೇ ಕಡಿಮೆ. ಕಚೇರಿಯ ಕೊನೆಗೆ ಮಂಗಳಕ್ಕೆ ಅಂತ ನುಡಿಸುವ ರಾಗ ಇದು, ನಾವು ಇದರಲ್ಲೇ ಶುರು ಮಾಡುತ್ತೇವೆ. ನನ್ನ ಗುರುಗಳಿಗೆ ಫೋನಲ್ಲಿ ರೆಕಾರ್ಡಿಂಗ್ ಕೇಳಿಸಿದಾಗ ಅವರು ಕೇಳಿದ್ದು ಒಂದೇ, ಶ್ರುತಿ ಯಾಕೆ ಇಷ್ಟು ಜೋರು ಅಂತ. ರಾಗ ತಪ್ಪಿದೆ ಅನ್ನಲಿಲ್ಲ. ನನಗೆ ಅಷ್ಟು ಸಾಕಿತ್ತು.

ಹಿಂದೋಳ ಹಾಕಿ ನೋಡಿದೆ, ಬಹಳ ಇಷ್ಟದ ರಾಗ. ಆಗಲಿಲ್ಲ. ಹಿಂದೋಳದಲ್ಲಿ ಪಂಚಮ ಇಲ್ಲ, ಗಿಟಾರು ಬಿಡದೆ ಪಂಚಮ ಹೊಡೆಯುತ್ತದೆ, ರಾಗದ ಮುಖವೇ ಅಳಿಸಿಹೋಗುತ್ತದೆ. ಶುಭಪಂತುವರಾಳಿ ಕಥೆ ಬೇರೆ. ಕಾರ್ಡ್ ಷಡ್ಜದಲ್ಲೇ ನಿಂತರೆ ಮೈ ಜುಮ್ಮೆನ್ನುವ ಹಾಗೆ ಕೇಳುತ್ತದೆ, ಶುದ್ಧ ಮಧ್ಯಮದ ಕಾರ್ಡಿಗೆ ಹೋದ ಕೂಡಲೇ ನನ್ನ ಪ್ರತಿ ಮಧ್ಯಮಕ್ಕೂ ಅದಕ್ಕೂ ಹೊಡೆದಾಟ. ಕೊನೆಗೆ ಒಂದೇ ಕಾರ್ಡಿನ ಹಾಡೊಂದನ್ನು ಇದಕ್ಕಾಗಿಯೇ ಮಾಡಿದೆವು. ಒಂದೂವರೆ ನಿಮಿಷ ಇದೆ. ಜನ ಈಗ ಅದನ್ನೇ ಕೇಳಿ ಹಾಕಿಸಿಕೊಳ್ಳುತ್ತಾರೆ.

ಸೋಲೊ ಬಿಟ್ಟಿದ್ದು ಯಾಕೆ ಅಂದರೆ, ಸ್ಯಾಕ್ಸ್ ಸೋಲೊ ಬಂದ ಕೂಡಲೇ ಹಾಡು ನಿಂತ ಹಾಗಾಗುತ್ತದೆ. ಎಲ್ಲರೂ ಕುಣಿಯುವುದು ಬಿಟ್ಟು ನೋಡುತ್ತಾರೆ. ಅದು ಪಂಕ್ ಅಲ್ಲ. ನಾನು ಎರಡು ಮೂರು ಸ್ವರದ ಚಿಕ್ಕ ತುಣುಕು ಹಿಡಿದು, ಗಿಟಾರಿನ ಜೊತೆ ಒಂದೇ ಏಟಿಗೆ, ಹಾಡು ಪೂರ್ತಿ ಹೊಡೆಯುತ್ತೇನೆ. ಕೋರಸ್ ಬಂದಾಗ ಒಂದು ಸ್ಥಾಯಿ ಮೇಲೆ. ಗಂಟಲಲ್ಲಿ ದನಿ ತೆಗೆದು ಊದುವ ಗ್ರೌಲ್ ಕೊನೆಯ ಸುತ್ತಿಗೆ ಮಾತ್ರ. ಮೊದಲಿಂದ ಗ್ರೌಲ್ ಮಾಡಿದರೆ ಗಿಟಾರಿನ ಡಿಸ್ಟಾರ್ಶನ್ (ಬೇಕೆಂತಲೇ ಒಡಕು ಮಾಡಿದ ಸದ್ದು) ಜೊತೆ ಕಲಸಿಹೋಗಿ ಎರಡೂ ಕೇಳುವುದಿಲ್ಲ. ಮೌತ್‌ಪೀಸ್ ಲೋಹದ್ದು, ಬ್ಯಾಫಲ್ (ರೀಡಿನ ಎದುರಿನ ಒಳಮೈ) ಎತ್ತರ ಇರುವಂಥದ್ದು. ಅದರ ಒಳಗೆ ನಾನು ಇನ್ನೊಂದು ವಸ್ತು ಅಂಟಿಸುತ್ತೇನೆ, ಏನು, ಎಷ್ಟು ದಪ್ಪ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ನನ್ನ ದನಿಯ ಗುರುತು ಅದು, ಅಷ್ಟನ್ನು ಇಟ್ಟುಕೊಳ್ಳುತ್ತೇನೆ.

ಇನ್ನು ಮೈಕು. ಇದರಲ್ಲಿ ಹೋದಷ್ಟು ದುಡ್ಡು ನನಗೆ ಬೇರೆ ಯಾವುದರಲ್ಲೂ ಹೋಗಿಲ್ಲ. ಬೆಲ್, ಅಂದರೆ ಸ್ಯಾಕ್ಸಿನ ತುದಿಯ ಅಗಲ ಬಾಯಿ, ಅದಕ್ಕೆ ಕಚ್ಚಿಸುವ ವೈರ್‌ಲೆಸ್ ಮೈಕ್ ಅಂತ ನಾಲ್ಕು ಸಾವಿರ ಕೊಟ್ಟು ತಂದೆ, ಎರಡು ಶೋಗೆ ಸತ್ತಿತು. ಇನ್ನೊಂದು ತಂದೆ, ಒಂಬತ್ತು ಸಾವಿರ. ಅದು ಬಾಳಿಕೆ ಬಂತು, ಸದ್ದು ಸರಿ ಬರಲಿಲ್ಲ. ಸ್ಯಾಕ್ಸಿನ ಸದ್ದು ಬೆಲ್ಲಿಂದ ಮಾತ್ರ ಬರುವುದಲ್ಲ, ತೆರೆದ ತೂತುಗಳಿಂದಲೇ ಜಾಸ್ತಿ. ಕೆಳಗಿನ ಬಿ, ಬಿ ಫ್ಲಾಟ್ ಊದುವಾಗ ಬೆಲ್ ಗುಂಯ್ ಅನ್ನುತ್ತದೆ, ಮೇಲೆ ಹೋದ ಹಾಗೆ ಬೆಲ್ ಮೈಕಿಗೆ ಏನೂ ಸಿಗುವುದಿಲ್ಲ. ಸೌಂಡಿನವನು ಫೇಡರ್ ಏರಿಸುತ್ತಾನೆ, ಮಾನಿಟರ್ ಕುಂಯ್ ಅಂತ ಕೂಗುತ್ತದೆ, ಎಲ್ಲರೂ ನನ್ನನ್ನು ನೋಡುತ್ತಾರೆ. ಕೊನೆಗೆ ಸ್ಟ್ಯಾಂಡಿನ ಮೇಲೆ ಶೂರ್ ಎಸ್‌ಎಂ 57. ಬೆಲ್ಲಿನ ಅಂಚಿಂದ ಸುಮಾರು ಒಂದು ಗೇಣು ದೂರ, ಮುಖ ಬಲಗೈ ಬೆರಳುಗಳ ಕಡೆಗೆ. ಡ್ರಮ್ಮಿನ ಕ್ರ್ಯಾಶ್ ತಾಳ ನನ್ನ ಬೆನ್ನ ಹಿಂದೆ ಬರಬಾರದು, ಬಂದರೆ ಮೈಕಿಗೆ ಸ್ಯಾಕ್ಸಿಗಿಂತ ಮೊದಲು ಅದೇ ಬೀಳುತ್ತದೆ. ಹೈ-ಹ್ಯಾಟ್ ಜೋಡಿ ತಾಳ ಇರುವ ಕಡೆಯೂ ಬೇಡ. ನೆಲದ ಮೇಲೆ ನಿಲ್ಲುವ ದೊಡ್ಡ ಡ್ರಮ್ಮು, ಫ್ಲೋರ್ ಟಾಮ್, ಅದರ ಪಕ್ಕ ನಿಲ್ಲುತ್ತೇನೆ.

ಸೌಂಡಿನ ಕೊನೆಯ ಗಂಟು ಬಿಡಿಸಿದ್ದು ಬೆಂಗಳೂರಿನವರಲ್ಲ. ಮಡಿಕೇರಿ ದಸರಾಕ್ಕೆ ದಶಮಂಟಪಗಳು (ಹತ್ತು ದೇವಸ್ಥಾನಗಳ ಮೆರವಣಿಗೆ ಮಂಟಪ) ಹೊರಡುತ್ತವಲ್ಲ, ರಾತ್ರಿಯಿಡೀ ಆ ಸೌಂಡು ಲೈಟು. ಅಂಥ ಒಂದು ಮಂಟಪಕ್ಕೆ ಸೌಂಡ್ ಮಾಡುವ ಪರಿಚಯದವರೊಬ್ಬರಿಗೆ ನಮ್ಮ ರೆಕಾರ್ಡಿಂಗ್ ಕೇಳಿಸಿದೆ. ಅವರು ಪಂಕ್ ಹೆಸರೇ ಕೇಳಿದವರಲ್ಲ. ಒಂದು ನಿಮಿಷ ಕೇಳಿ, ಸ್ಯಾಕ್ಸ್ ಏರಿಸಬೇಡಿ, ಗಿಟಾರಿನ ನಡುಭಾಗ ತಗ್ಗಿಸಿ ಅಂದರು. ಒಂದರಿಂದ ಎರಡು ಕಿಲೋಹರ್ಟ್ಸ್ ನಡುವೆ ಗಿಟಾರನ್ನು ಮೂರು ನಾಲ್ಕು ಡೆಸಿಬೆಲ್ ಕೆಳಗೆ ತಂದೆವು. ಸ್ಯಾಕ್ಸ್ ತಾನಾಗಿ ಎದ್ದು ಬಂತು. ಅಷ್ಟು ವರ್ಷ ಎಷ್ಟೋ ದೊಡ್ಡ ದೊಡ್ಡ ಕನ್ಸೋಲ್ ಮುಂದೆ ಕೂತವರು ಹೇಳದ ಮಾತು ಅದು.

ನಮ್ಮೂರಿನ ಮಳೆ ಬಗ್ಗೆ ಬರೆಯದೆ ಇದು ಮುಗಿಯಲ್ಲ. ಜೂನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ಸ್ಯಾಕ್ಸ್ ಇಟ್ಟುಕೊಳ್ಳುವುದೇ ಒಂದು ಕಸುಬು. ತೂತು ಮುಚ್ಚುವ ಪ್ಯಾಡ್ ಅಂದರೆ ಫೆಲ್ಟಿನ ಮೇಲೆ ಚರ್ಮ, ಗಾಳಿಯ ತೇವ ಕುಡಿದು ಉಬ್ಬುತ್ತದೆ. ಕೇಸ್ ತೆರೆದರೆ ಒಳಗಿನ ಬಟ್ಟೆ ಮೇಲೆ ಬೂಷ್ಟು. ರೀಡ್ ಮೇಲೆ ಕಪ್ಪು ಚುಕ್ಕೆ. ಮೊದಲು ಕೈಕೊಡುವುದು ಜಿ ಶಾರ್ಪ್ ಪ್ಯಾಡ್, ಅಂಟಿಕೊಂಡು ಏಳುವುದೇ ಇಲ್ಲ, ಆಮೇಲೆ ಕೆಳಗಿನ ಸಿ ಶಾರ್ಪ್. ಸಿಗರೇಟ್ ಪೇಪರ್ ಇಟ್ಟು ಒತ್ತಿ ತೆಗೆಯುವುದು ಎಲ್ಲರಿಗೂ ಗೊತ್ತು, ನಮ್ಮ ಜುಲೈಗೆ ಅದು ಹತ್ತು ನಿಮಿಷದ ಮಾತು. ನಾನು ಹಳೇ ಮರದ ಬೀರು ಒಂದಕ್ಕೆ 40 ವಾಟಿನ ಬಲ್ಬ್ ಹಾಕಿ, ತೇವಾಂಶ ತೋರಿಸುವ ಚಿಕ್ಕ ಮೀಟರ್ ಇಟ್ಟೆ. 600 ರೂಪಾಯಿ ಇರಬೇಕು ಮೀಟರಿಗೆ. ಹೊರಗೆ 95 ತೋರಿಸುವಾಗ ಒಳಗೆ 60ರ ಹತ್ತಿರ ನಿಲ್ಲುತ್ತದೆ. ತೀರಾ ಒಣಗಿದರೆ ಕಾರ್ಕ್ ಬಿರುಕು ಬಿಡುತ್ತದೆ. ಕರೆಂಟ್ ಹೋದರೆ ಬಲ್ಬೂ ಹೋಯಿತು, ನಮ್ಮ ಕಡೆ ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ಮಾಮೂಲು. ಆಗ ಒಲೆ ಮನೆಯ ಅಟ್ಟ. ಹೊಗೆ ಹಿಡಿಯದ ಹಾಗೆ ಸುತ್ತುವ ಒಂದು ಕ್ರಮ ಇದೆ, ಅದನ್ನು ಬೇಕಾದವರಿಗೆ ಎದುರಿಗೆ ತೋರಿಸುತ್ತೇನೆ.

2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಸಂಪಾಜೆ ಘಾಟಿ ರಸ್ತೆ ಮುಚ್ಚಿದಾಗ ರಿಪೇರಿಗೆ ಅಂತ ಕೆಳಗೆ ಕಳಿಸಬೇಕಿದ್ದ ಸ್ಯಾಕ್ಸ್ ಮನೆಯಲ್ಲೇ ಉಳಿಯಿತು. ಆ ತಿಂಗಳು ಅದರ ಯೋಚನೆ ಯಾರಿಗಿತ್ತು, ಮನೆ ಕಳೆದುಕೊಂಡವರು ನಮ್ಮ ಸುತ್ತಮುತ್ತಲೇ ಇದ್ದರು. ರಸ್ತೆ ಬಿಟ್ಟ ಮೇಲೆ ಹೋಗಿ ಪೂರ್ತಿ ಪ್ಯಾಡ್ ಬದಲಿಸಿದೆ. ಹನ್ನೆರಡು ಸಾವಿರ ಚಿಲ್ಲರೆ.

ರೀಡಿನ ಮೇಲೂ ಪ್ರಯೋಗ ಮಾಡಿದ್ದೇನೆ. ಒಳ್ಳೆಯ ರೀಡ್ ಮಾಡುವ ಕೇನ್, ಬಿದಿರಿನ ಥರದ ಜೊಂಡು, ಹೆಚ್ಚಾಗಿ ಬೆಳೆಯುವುದು ಫ್ರಾನ್ಸಿನ ದಕ್ಷಿಣದಲ್ಲಿ, ಹತ್ತು ರೀಡಿನ ವ್ಯಾಂಡೊರೆನ್ ಡಬ್ಬಿಗೆ ಮೂರು ಸಾವಿರದ ಮೇಲೆ ಕೊಡಬೇಕು, ಅದರಲ್ಲಿ ನಾಲ್ಕೈದು ಸರಿ ಇರುತ್ತವೆ. ನಮ್ಮ ತೋಟದ ಬೇಲಿಯಲ್ಲೇ ಬಿದಿರು ಇದೆಯಲ್ಲ ಅಂತ ಒಂದು ಬೇಸಿಗೆ ಪೂರ್ತಿ ಬಿದಿರು ಸೀಳಿ, ಒಣಗಿಸಿ, ಗಾಜಿನ ಮೇಲೆ ಮರಳುಕಾಗದ ಇಟ್ಟು ಉಜ್ಜಿ ರೀಡ್ ಮಾಡಿದೆ. ಬಹಳಷ್ಟು ತುದಿಯಲ್ಲೇ ಸೀಳಿದವು. ಉಳಿದವು ಕಲ್ಲಿನ ಹಾಗೆ ಗಟ್ಟಿ. ಒಂದೇ ಒಂದು ಚೆನ್ನಾಗಿ ಬಂತು, ದನಿ ಒರಟು, ಹರಿದ ಹಾಗೆ, ಪಂಕಿಗೆ ಹೇಳಿ ಮಾಡಿಸಿದ್ದು. ಒಂದು ರೆಕಾರ್ಡಿಂಗಿನಲ್ಲಿ ಅದನ್ನೇ ಬಳಸಿದ್ದೇನೆ. ಈಗ ಸ್ಟೇಜಿಗೆ ಪ್ಲಾಸ್ಟಿಕ್ ರೀಡ್, ಒಂದಕ್ಕೇ ಎರಡೂವರೆ ಮೂರು ಸಾವಿರ, ಆದರೆ ತಿಂಗಳುಗಟ್ಟಲೆ ಬರುತ್ತದೆ, ಮಳೆಗೆ ಜಗ್ಗುವುದಿಲ್ಲ. ಗಿಟಾರಿನ ಡಿಸ್ಟಾರ್ಶನ್ ಪೆಡಲ್‌ಗೆ ಸ್ಯಾಕ್ಸ್ ಮೈಕ್ ಹಾಕಿಯೂ ನೋಡಿದೆ. ಮೈಕ್ ಹಿಡಿದದ್ದೆಲ್ಲ ದೊಡ್ಡದಾಗಿ ಕೂಗಾಟ ಶುರುವಾಗುತ್ತದೆ, ಸ್ಟೇಜಿಗೆ ಬೇಡ. ಸ್ವರವನ್ನು ಒಂದು ಸ್ಥಾಯಿ ಕೆಳಗೆ ಕೇಳಿಸುವ ಆಕ್ಟೇವ್ ಪೆಡಲ್ ಪರವಾಗಿಲ್ಲ.

ಪ್ರಾಕ್ಟೀಸ್ ಜಾಗದ ವಿಷಯದಲ್ಲಿ ಕೊಡಗಿನವನಾಗಿದ್ದೇ ಲಾಭ. ಬೆಂಗಳೂರಲ್ಲಿ ಜ್ಯಾಮ್ ರೂಮಿಗೆ ಗಂಟೆಗೆ 400-500 ರೂಪಾಯಿ. ಸುಂಟಿಕೊಪ್ಪದ ಹತ್ತಿರ ನಮ್ಮ ನೆಂಟರ ಕಾಫಿ ಗೋದಾಮು ಇದೆ. ಫೆಬ್ರವರಿ ಕೊನೆಗೆ ಕೊಯ್ಲು ಮುಗಿದು ರೊಬಸ್ಟಾ ಮೂಟೆ ಸೂರಿನವರೆಗೆ ಪೇರಿಸಿರುತ್ತಾರೆ. 50 ಕೆಜಿಯ ಗೋಣಿ ಮೂಟೆ, ನಾಲ್ಕೂ ಕಡೆ. ಅಷ್ಟು ಒಳ್ಳೆಯ ಸೌಂಡ್ ರೂಮ್ ನಾನು ಇನ್ನೆಲ್ಲೂ ನೋಡಿಲ್ಲ. ಸ್ನೇರ್ ಹೊಡೆದರೆ ಹೊಡೆದಷ್ಟೇ, ಮಾರ್ದನಿ ಇಲ್ಲ. ಮಾರ್ಚಿನಲ್ಲಿ ಬೆಂಗಳೂರಿನ ಹುಡುಗರನ್ನು ಕರೆಸಿ ನಾಲ್ಕು ದಿನ ಅಲ್ಲೇ ಕೂತು ಹಾಡು ಕಟ್ಟಿದೆವು. ಊಟ ವಸತಿ ನಮ್ಮ ಮನೆಯದು. ಮೂಟೆ ಮಾರಿ ಖಾಲಿಯಾದ ಮೇಲೆ ಅದೇ ಗೋದಾಮು ಬರೀ ತಗಡಿನ ಡಬ್ಬ, ಮಳೆ ಬಂದರೆ ಡ್ರಮ್ಮೂ ಕೇಳಲ್ಲ.

ಅಲ್ಲಿದ್ದಾಗಲೇ ವಾಲಗದ ಪ್ರಯೋಗ ಮಾಡಿದ್ದು. ಕೊಡವರ ಮದುವೆಯಲ್ಲಿ ವಾಲಗ ಕೇಳಿದರೆ ಕೂತವರು ಕೂತಿರಲ್ಲ, ಅಜ್ಜಂದಿರೂ ಎದ್ದು ಕೈ ಆಡಿಸುತ್ತಾರೆ. ನನ್ನ ಕಿವಿಗೆ ಆ ಪೆಟ್ಟು ಮೂರು ಮೂರಾಗಿ ಬೀಳುತ್ತದೆ, ನಮ್ಮ ಡ್ರಮ್ಮರಿನದ್ದು ಸೀದಾ ನಾಲ್ಕು, ನಿಮಿಷಕ್ಕೆ 170-180 ಪೆಟ್ಟು. ಅಷ್ಟು ವೇಗದಲ್ಲಿ ವಾಲಗ ಸತ್ತುಹೋಗುತ್ತದೆ. 120ಕ್ಕೆ ಇಳಿಸಿದೆವು, ಡ್ರಮ್ಮರ್ ಎರಡು ದಿನ ಸಿಟ್ಟು ಮಾಡಿಕೊಂಡಿದ್ದ. ಗೋಣಿಕೊಪ್ಪದಲ್ಲಿ ಒಂದು ರಿಸೆಪ್ಶನ್‌ನಲ್ಲಿ ಅದನ್ನು ನುಡಿಸಿದಾಗ ಮೊದಲ ಅರ್ಧ ನಿಮಿಷ ಯಾರೂ ಅಲುಗಾಡಲಿಲ್ಲ, ಆಮೇಲೆ ಒಬ್ಬರು ಹಿರಿಯರು ಎದ್ದರು, ಅವರ ಹಿಂದೆ ಇಡೀ ಹಾಲ್. ಬೆಂಗಳೂರಿನಲ್ಲಿ ಅದೇ ಹಾಡಿಗೆ ಚಪ್ಪಾಳೆ ಬಂತು, ಕುಣಿತ ಬರಲಿಲ್ಲ. ಬೇಸರ ಇಲ್ಲ, ಅದು ನಮ್ಮೂರಿನ ಹಾಡು.

ದುಡ್ಡಿನ ವಿಷಯ ಬಿಡಿಸಿ ಹೇಳುತ್ತೇನೆ, ಯಾರೂ ಹೇಳುವುದಿಲ್ಲ. ಮೊದಲ ಸ್ಯಾಕ್ಸ್ ಸೆಕೆಂಡ್ ಹ್ಯಾಂಡ್, 14 ಸಾವಿರ. ಈಗಿರುವುದು ಯಮಹಾ 280, ಆಗ 80-90 ಸಾವಿರದ ನಡುವೆ ಬಿತ್ತು. ಕಾಳುಮೆಣಸು ಕೆಜಿಗೆ 600 ದಾಟಿದ್ದ ವರ್ಷ ಅದು, ಇಲ್ಲದಿದ್ದರೆ ಅಪ್ಪ ಕೊಡುತ್ತಿರಲಿಲ್ಲ. ಮದುವೆಗೆ ಶುರುವಿನಲ್ಲಿ ದಿನಕ್ಕೆ 1,500 ಸಿಗುತ್ತಿತ್ತು, ಆಮೇಲೆ ನಾಲ್ಕೈದು ಸಾವಿರ. ಪಂಕ್ ಶೋಗೆ ಬ್ಯಾಂಡಿಗೆ ಒಟ್ಟು ಎಂಟು ಸಾವಿರ ಕೊಟ್ಟರೆ ದೊಡ್ಡದು. ನಾಲ್ಕು ಪಾಲು ಮಾಡಿದರೆ ಎರಡು ಸಾವಿರ. ಮಡಿಕೇರಿಯಿಂದ ಬೆಂಗಳೂರು 260 ಕಿಲೋಮೀಟರ್ ಹತ್ತಿರ, ಹೋಗಿ ಬರುವ ಬಸ್ಸು, ಆಟೊ, ಊಟ ಕಳೆದರೆ ಐನೂರು ಉಳಿದರೆ ಪುಣ್ಯ. ಇಂದಿರಾನಗರದ ಒಂದು ಪಬ್ಬಿನವರು ಶೋ ಮುಗಿದ ಮೇಲೆ ಜನ ಕಡಿಮೆ ಬಂದರು ಅಂತ ಹೇಳಿ ಅರ್ಧ ಕೊಟ್ಟು ಕಳಿಸಿದರು. ಆಮೇಲೆ ಅರ್ಧ ದುಡ್ಡು ಮುಂಚೆ ಬರದೆ ನಾನು ಬಸ್ ಹತ್ತುವುದಿಲ್ಲ. 2020ರ ಲಾಕ್‌ಡೌನಲ್ಲಿ ಮದುವೆಯೂ ಹೋಯಿತು, ಪಬ್ಬೂ ಹೋಯಿತು, ತೋಟದ ಕೆಲಸ ಕೈ ಹಿಡಿಯಿತು. ಈಗ ಬ್ಯಾಂಡಿಗೆ 25-30 ಸಾವಿರ ಕೊಡುತ್ತಾರೆ. ಬೇರೆಯವರ ರೆಕಾರ್ಡಿಂಗಿಗೆ ಒಂದು ಹಾಡಿಗೆ ಐದು ಸಾವಿರ ತಗೊಳ್ಳುತ್ತೇನೆ, ಚೌಕಾಸಿ ಮಾಡುವುದಿಲ್ಲ. ಒಂದು ಷರತ್ತು, ಗಿಟಾರ್ ಇಳಿಸಿಯೇ ಇರಬೇಕು.

ಲಾಕ್‌ಡೌನ್ ಆದ ಮೇಲೆ, 2022ರಲ್ಲಿ ಇರಬೇಕು, ಕೋರಮಂಗಲದಲ್ಲಿ ಆರೇಳು ಬ್ಯಾಂಡಿನ ಒಂದು ರಾತ್ರಿ ಇತ್ತು. ಸೌಂಡ್ ಚೆಕ್ಕಿಗೆ ಐದೇ ನಿಮಿಷ. 57 ಮೈಕನ್ನು ನಾನೇ ಇಟ್ಟೆ, ಗಿಟಾರಿನ ಆಂಪ್ ನಡುಭಾಗವನ್ನು ನಾನೇ ತಗ್ಗಿಸಿದೆ. ಮೊದಲ ಹಾಡಿನಲ್ಲಿ ಕೆಳಗಿನ ಸಿ ಹಿಡಿದಾಗ ಎದುರಿಗಿದ್ದವರ ಮುಖ ನೋಡಬೇಕಿತ್ತು. ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗದೆ ಗಿಟಾರಿನವನ ಕೈ ನೋಡುತ್ತಿದ್ದರು. ಎರಡನೇ ಹಾಡಿಗೆ ಎಲ್ಲರೂ ಮುಂದೆ ಬಂದರು. ನನಗೆ ಜಾಝ್ ಕಡೆ ಹೋಗು ಅಂದಿದ್ದವನು ಆ ರಾತ್ರಿ ನಮ್ಮ ನಂತರದ ಬ್ಯಾಂಡಲ್ಲಿದ್ದ. ಸ್ಟೇಜ್ ಪಕ್ಕದಲ್ಲೇ ಹಿಡಿದುಕೊಂಡು ಕೇಳಿದ, ಯಾವ ಟ್ಯೂನಿಂಗ್ ಇದು ಅಂತ. ಹೇಳಿದೆ. ಮುಂದಿನ ತಿಂಗಳು ಅವನ ಬ್ಯಾಂಡೂ ಇಳಿಸಿತ್ತು.

ಟೆನರ್ ಇರುವವರು ಕೇಳುತ್ತಿರುತ್ತಾರೆ, ಅವರಿಗೂ ಇದು ನಡೆಯುತ್ತದೆ. ಇಳಿಸಿದ ಗಿಟಾರಿನ ಇ ಶೇಪಿಗೆ ಟೆನರಲ್ಲಿ ಎಫ್, ಎ ಶೇಪಿಗೆ ಬಿ ಫ್ಲಾಟ್, ಡಿ ಶೇಪಿಗೆ ಇ ಫ್ಲಾಟ್. ಇದನ್ನು ಈ ಸಲ ಕೊಯ್ಲು ಮುಗಿದ ಮೇಲೆ ಗೋದಾಮಿನಲ್ಲಿ ಮಾಡಿ ನೋಡುವುದಿದೆ. ಪುತ್ತೂರಿನ ಪರಿಚಯದವರ ಹತ್ತಿರ ಟೆನರ್ ಇದೆ, ವಾರಕ್ಕೆ ಎರಡು ಸಾವಿರ ಬಾಡಿಗೆ ಅಂದಿದ್ದಾರೆ. ಬೇಸ್ ಗಿಟಾರನ್ನು ಪೂರ್ತಿ ಬಿಟ್ಟು, ಆ ಜಾಗದಲ್ಲಿ ಟೆನರಿಗೆ ಆಕ್ಟೇವ್ ಪೆಡಲ್ ಹಾಕಿ ಎರಡು ಹಾಡು ಕಟ್ಟಬೇಕು ಅಂತ ನನ್ನ ಲೆಕ್ಕ. ಬ್ಯಾಂಡಿನವರು ಆಗಲ್ಲ ಅನ್ನುತ್ತಿದ್ದಾರೆ. ಮಾರ್ಚಿನಲ್ಲಿ ಮೂಟೆ ಇರುವಷ್ಟು ದಿನ ಗೋದಾಮು ನಮ್ಮದೇ, ಬಂದು ಕೇಳಬೇಕು ಅನ್ನುವವರು ಬರಬಹುದು.